ಹಾರ್ಮನಿ, ಸ್ಟೆಲ್ಲಾ, ಹಳೇ ಯಮಹಾ: ಕಡಿಮೆ ಬೆಲೆಯ ಹಳೆಯ ಗಿಟಾರುಗಳಲ್ಲಿ ಯಾವುದು?

ಷಿಕಾಗೋ ಸುತ್ತಮುತ್ತ ಸೆಕೆಂಡ್ ಹ್ಯಾಂಡ್ ಗಿಟಾರು ಹುಡುಕಲು ಹೊರಟರೆ ಹಾರ್ಮನಿ ಹೆಸರು ಕಣ್ಣಿಗೆ ಬೀಳದೇ ಇರುವುದಿಲ್ಲ. ಇದು ಈ ಊರಿನದೇ ಕಂಪನಿ. 1892ರಲ್ಲಿ ಶುರುವಾಯಿತು, 1916ರಲ್ಲಿ ಅಂಚೆಯ ಮೂಲಕ ಸಾಮಾನು ಮಾರುತ್ತಿದ್ದ ದೊಡ್ಡ ಕಂಪನಿ ಸಿಯರ್ಸ್ ಕೈಗೆ ಬಂತು, 1975ರಲ್ಲಿ ಬಾಗಿಲು ಹಾಕಿತು. ಮಾರ್ಟಿನ್, ಗಿಬ್ಸನ್ ಕೊಳ್ಳುವಷ್ಟು ದುಡ್ಡಿಲ್ಲದವರ ಮನೆಗೆ ಹೋದದ್ದು ಇದರ ಗಿಟಾರುಗಳು. ಸಿಯರ್ಸ್ ಕ್ಯಾಟಲಾಗಿನಲ್ಲಿ ಸಿಲ್ವರ್‌ಟೋನ್ ಹೆಸರಲ್ಲಿ ಬಂದವುಗಳಲ್ಲೂ ಹಲವು ಇಲ್ಲೇ ತಯಾರಾದವು. ಹಾಗಾಗಿ ಹೆಸರು ನೋಡಿ ಬಿಡಬೇಡಿ, ಮೇಲ್ಹಲಗೆಯ ದುಂಡು ತೂತು, ಅಂದರೆ ಸೌಂಡ್‌ಹೋಲ್ ಒಳಗೆ ಟಾರ್ಚ್ ಹಾಕಿ ನೋಡಿ. ಎಷ್ಟೋ ಸಲ ಒಂದು ಅಕ್ಷರ, ಪಕ್ಕದಲ್ಲಿ ಇಸವಿಯ ಎರಡು ಅಂಕಿ ಇರುವ ಮುದ್ರೆ ಮಸುಕಾಗಿ ಕಾಣುತ್ತದೆ.

ಈಗ ನಮ್ಮನೆಯಲ್ಲಿ ಮೂರು ಹಳೆಯ ಗಿಟಾರುಗಳಿವೆ: 1960ರ ದಶಕದ ಹಾರ್ಮನಿ ಎಚ್162, ಅದೇ ಕಾಲದ ಸ್ಟೆಲ್ಲಾ ಎಚ್929, ಮತ್ತು ಕೆಂಪು ಲೇಬಲ್ಲಿನ ಯಮಹಾ ಎಫ್‌ಜಿ-180. ಮೂರನ್ನೂ ಅದಲು ಬದಲು ಮಾಡಿ ನುಡಿಸುತ್ತಾ ಬಂದಿದ್ದೇನೆ. ನನ್ನ ಬಳಕೆ ಎರಡು ತರಹ. ಸಂಜೆ ಒಬ್ಬನೇ ಕೂತು ಬೆರಳಲ್ಲಿ ಮೀಟುವುದು ಒಂದು. ಕನ್ನಡ ಕೂಟದಲ್ಲಿ ಭಾವಗೀತೆ ಹಾಡುವವರಿಗೆ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿಯುವುದು ಇನ್ನೊಂದು.

ಸ್ಟೆಲ್ಲಾ ಮೂರರಲ್ಲಿ ಅಗ್ಗದ್ದು, ಚಿಕ್ಕದ್ದು. ಬರ್ಚ್ ಮರದ ಮೈ, ಮೇಲೆ ಬಣ್ಣದಲ್ಲಿ ಬಿಡಿಸಿದ ಗೆರೆಗಳು. ಸ್ಟೆಲ್ಲಾ ಎಂದ ತಕ್ಷಣ ಅಮೆರಿಕದ ಹಳೆಯ ಬ್ಲೂಸ್ ಹಾಡುಗಾರ ಲೆಡ್‌ಬೆಲ್ಲಿಯ ಹನ್ನೆರಡು ತಂತಿಯ ಗಿಟಾರನ್ನು ಮುಂದಿಟ್ಟು ಬೆಲೆ ಏರಿಸುವವರಿದ್ದಾರೆ. ಆ ಗಿಟಾರು ಆಸ್ಕರ್ ಶ್ಮಿಟ್ ಕಂಪನಿಯ ಕಾಲದ್ದು. ಹಾರ್ಮನಿ ಆ ಹೆಸರನ್ನು ಕೊಂಡದ್ದು 1939ರಲ್ಲಿ. ಆಮೇಲಿನವು ಕಲಿಯುವ ಮಕ್ಕಳಿಗೆಂದು ಮಾಡಿದ ಸರಳ ಗಿಟಾರುಗಳು. ಮೈಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡನ್ನು, ಅಂದರೆ ಇದರ ಬ್ರಿಡ್ಜನ್ನು, ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲೇ ಅದು ನಿಂತಿರುತ್ತದೆ. ಆರೂ ತಂತಿಯನ್ನು ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಕೈಗೇ ಬರುತ್ತದೆ. ಆಮೇಲೆ 12ನೇ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಸ್ವರ ಸರಿಯಾಗಿ ಮೇಲಿನ ಷಡ್ಜಕ್ಕೆ ಕೂರುವವರೆಗೆ ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಕೂರಬೇಕು. ತಂತಿಯ ಮೇಲೆ ಕೊಳವೆ ಜಾರಿಸಿ ಸ್ಲೈಡ್ ನುಡಿಸುವವರಿಗೆ ಇದು ಚೆನ್ನ, ತಂತಿ ಎತ್ತರವಿದ್ದರೂ ನಡೆಯುತ್ತದೆ. ಹಾಡಿನ ಜೊತೆಗೆ ಸಾಲದು.

ನಿಜವಾದ ಪೈಪೋಟಿ ಇರುವುದು ಹಾರ್ಮನಿಗೂ ಯಮಹಾಕ್ಕೂ.

ಎಚ್162 ಪೂರ್ತಿ ಗಟ್ಟಿ ಮರದ ಗಿಟಾರು. ಮೇಲೆ ಸ್ಪ್ರೂಸ್ ಹಲಗೆ, ಹಿಂದೆ ಮತ್ತು ಪಕ್ಕದಲ್ಲಿ ಮಹಾಗನಿ. ಎಲ್ಲೂ ಪ್ಲೈವುಡ್ ಇಲ್ಲ. ಇವತ್ತು ಪೂರ್ತಿ ಗಟ್ಟಿ ಮರದ ಹೊಸ ಗಿಟಾರು ಬೇಕೆಂದರೆ ಕೈ ಸುಡುತ್ತದೆ, ಅಲ್ವಾ? ಆಗ ಇದು ಬಡವರ ಗಿಟಾರಾಗಿತ್ತು. ದುಡ್ಡು ಉಳಿಸಿದ್ದು ಒಳಗೆ. ಮೇಲ್ಹಲಗೆಯ ಅಡಿಯಲ್ಲಿ ಮಾರ್ಟಿನ್ ತರಹ ಎಕ್ಸ್ ಆಕಾರದ ಪಟ್ಟಿಗಳಿಲ್ಲ. ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಪಟ್ಟಿಗಳಿವೆ. ಮಾಡಲು ಸುಲಭ, ಬೇಗ ಆಗುತ್ತದೆ. ಆದರೆ ಈ ಗಿಟಾರಿಗೆ ತನ್ನದೇ ದನಿ ಬಂದಿರುವುದೂ ಇದರಿಂದಲೇ. ಮೀಟಿದ ತಕ್ಷಣ ಸ್ವರ ಮುಂದೆ ಜಿಗಿಯುತ್ತದೆ, ಸ್ವಲ್ಪ ಒಣಗಿದ ದನಿ, ಬೇಗ ಅಡಗುತ್ತದೆ. ಒಂದು ಸ್ವರ ಮುಂದಿನ ಸ್ವರದ ಮೇಲೆ ಬೀಳುವುದಿಲ್ಲ. ಹೆಬ್ಬೆರಳಲ್ಲಿ ಮಂದ್ರದ ತಂತಿ ಹಿಡಿದು, ಉಳಿದ ಬೆರಳಲ್ಲಿ ರಾಗ ನುಡಿಸಿದರೆ ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ. ಹಳೆಯ ಬ್ಲೂಸ್ ಇದರಲ್ಲಿ ಕೂರುವಷ್ಟು ಚೆನ್ನಾಗಿ ಬೇರೆಲ್ಲೂ ಕೂತಿದ್ದನ್ನು ನಾನು ಕೇಳಿಲ್ಲ. ಮೋಹನ ರಾಗವನ್ನು ಒಂದೇ ತಂತಿಯ ಮೇಲೆ ಮೆಲ್ಲಗೆ ಏರಿಸುತ್ತಾ ಹೋಗುವಾಗಲೂ ಅದೇ ಸ್ಪಷ್ಟತೆ. ಎಲ್ಲ ತಂತಿಯನ್ನೂ ಒಟ್ಟಿಗೆ ಬಾಚುವಂತೆ ಜೋರಾಗಿ ಸ್ಟ್ರಮ್ ಮಾಡಿದರೆ ಮಾತ್ರ ದನಿ ಡಬ್ಬಿಯೊಳಗೆ ಸಿಕ್ಕಿಕೊಂಡಂತಾಗುತ್ತದೆ.

ಯಮಹಾ ಎಫ್‌ಜಿ ಸಾಲು ಜಪಾನಿನಲ್ಲಿ ಶುರುವಾದದ್ದು 1966ರಲ್ಲಿ. ಆಗಿನ ಕಂಪನಿ ಹೆಸರು ನಿಪ್ಪಾನ್ ಗಕ್ಕಿ. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಗಾಯಕ ಕಂಟ್ರಿ ಜೋ ಮೆಕ್‌ಡೊನಾಲ್ಡ್ ಕೈಯಲ್ಲಿದ್ದದ್ದು ಇದರ ತಮ್ಮ, ಎಫ್‌ಜಿ-150. ನನ್ನ 180ರ ಮೇಲ್ಹಲಗೆಯೂ ಪ್ಲೈವುಡ್ಡೇ. ಕಾಗದದ ಮೇಲೆ ಹೋಲಿಸಿದರೆ ಹಾರ್ಮನಿ ಮುಂದೆ ಇದು ನಿಲ್ಲಬಾರದು. ಕೈಗೆತ್ತಿಕೊಂಡರೆ ಲೆಕ್ಕ ಬದಲಾಗುತ್ತದೆ. ಇದರಲ್ಲಿ ಎಕ್ಸ್ ಆಕಾರದ ಪಟ್ಟಿಗಳಿವೆ. ಮಂದ್ರ ತುಂಬಿಕೊಂಡು ಬರುತ್ತದೆ, ಕಾರ್ಡ್ ಹರಡಿಕೊಂಡು ನಿಲ್ಲುತ್ತದೆ, ಹಾಡುವವರಿಗೆ ಒರಗಿಕೊಳ್ಳಲು ಜಾಗ ಸಿಗುತ್ತದೆ. ಕನ್ನಡ ಕೂಟಕ್ಕೆ ನಾನು ಒಯ್ಯುವುದು ಇದನ್ನೇ. ಕಾರಿನಲ್ಲಿ, ಸಭಾಂಗಣದ ಮೂಲೆಯಲ್ಲಿ, ಮಕ್ಕಳ ಕೈಯಲ್ಲಿ ಇದ್ದು ಬಂದರೂ ಶ್ರುತಿ ಅಷ್ಟಾಗಿ ಕದಲುವುದಿಲ್ಲ.

ಇಲ್ಲಿನ ಚಳಿಗಾಲದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹೀಟರ್ ಶುರುವಾದರೆ ಮನೆಯ ಗಾಳಿ ಒಣಗುತ್ತದೆ. ಗಟ್ಟಿ ಮರ ಕುಗ್ಗುತ್ತದೆ, ಹಲಗೆ ಸೀಳುತ್ತದೆ. ಹಾರ್ಮನಿಯನ್ನು ಕೇಸಿನಲ್ಲಿ ತೇವದ ಪೊಟ್ಟಣದ ಜೊತೆ ಮಲಗಿಸಿ, ತೇವಾಂಶ 45ರಿಂದ 50 ಪರ್ಸೆಂಟ್ ಇರುವಂತೆ ನೋಡಿಕೊಳ್ಳುತ್ತೇನೆ. ಪ್ಲೈವುಡ್ಡಿನ ಯಮಹಾ ಸುಮ್ನೆ ಸ್ಟ್ಯಾಂಡಿನ ಮೇಲಿರುತ್ತದೆ.

ಕೊಳ್ಳುವವರು ದನಿಗಿಂತ ಮೊದಲು ನೋಡಬೇಕಾದದ್ದು ನೆಕ್, ಅಂದರೆ ಗಿಟಾರಿನ ಕತ್ತು. ಇಷ್ಟು ವರ್ಷ ತಂತಿ ಎಳೆದೂ ಎಳೆದೂ ನೆಕ್ ಮುಂದಕ್ಕೆ ಬಾಗಿರುತ್ತದೆ. ಒಂದು ನೇರ ಸ್ಕೇಲನ್ನು ಫ್ರೆಟ್ಟುಗಳ ಮೇಲೆ ಉದ್ದಕ್ಕೆ ಇಡಿ. ಅದರ ತುದಿ ಬ್ರಿಡ್ಜಿನ ಮೇಲ್ಮೈಗೆ ಹೋಗಿ ಕೂರಬೇಕು. ಅದಕ್ಕಿಂತ ಕೆಳಗೆ ಹೋಗಿ ಬ್ರಿಡ್ಜಿನ ಮರಕ್ಕೆ ತಾಗಿದರೆ ನೆಕ್ಕಿನ ಕೋನ ಹೋಗಿದೆ ಎಂದೇ ಅರ್ಥ. 12ನೇ ಫ್ರೆಟ್ಟಿನ ಹತ್ತಿರ ದಪ್ಪ ತಂತಿಯ ಎತ್ತರವನ್ನೂ ಅಳೆಯಿರಿ. 2.5 ಮಿಲಿಮೀಟರ್ ಆಸುಪಾಸು ಇದ್ದರೆ ಸುಖ, 4 ದಾಟಿದರೆ ಬೆರಳು ಕೂಗುತ್ತದೆ. ಸ್ಯಾಡಲ್ (ತಂತಿ ಕೂರುವ ಸಣ್ಣ ಪಟ್ಟಿ) ತೆಳ್ಳಗೆ ಉಜ್ಜಿಹೋಗಿ ಬ್ರಿಡ್ಜಿನಲ್ಲಿ ಮುಳುಗಿದ್ದರೆ, ತಗ್ಗಿಸುವುದಕ್ಕೆ ಇನ್ನೇನೂ ಉಳಿದಿಲ್ಲ.

ಈ ವಿಷಯದಲ್ಲಿ ಹಾರ್ಮನಿ ಗೆಲ್ಲುತ್ತದೆ. ಅದರ ನೆಕ್ ಡವ್‌ಟೇಲ್ ಜೋಡಣೆಯದ್ದು, ಅಂದರೆ ಮರ ಮರದೊಳಗೆ ಸಿಕ್ಕಿಸಿ ಕೂರಿಸಿದ್ದು. ಆವಿ ಕೊಟ್ಟು ಬಿಡಿಸಿ, ಕೋನ ಸರಿ ಮಾಡಿ ಮತ್ತೆ ಕೂರಿಸಬಹುದು. ಆ ಕಾಲದ ಯಮಹಾಗಳ ನೆಕ್ ಬಿಡಿಸುವುದು ಕಷ್ಟ, ಅಂಟು ಸುಲಭಕ್ಕೆ ಬಿಡುವುದಿಲ್ಲ. ಎಷ್ಟೋ ರಿಪೇರಿಯವರು ಮುಟ್ಟುವುದೇ ಇಲ್ಲ. ಹಾರ್ಮನಿಗೂ ಹೀಗೆ ನೆಕ್ ಬಿಡಿಸಿ ಕೂರಿಸುವ ರೀಸೆಟ್ ಮಾಡಿಸಿದರೆ ಎಷ್ಟೋ ಸಲ ಗಿಟಾರಿನ ಬೆಲೆಯನ್ನು ಮೀರಿಸುವ ಖರ್ಚು ಬರುತ್ತದೆ. ನನ್ನದು ಮೊದಲೇ ರೀಸೆಟ್ ಆಗಿದ್ದದ್ದು. ಸ್ವಲ್ಪ ಜಾಸ್ತಿ ಕೊಟ್ಟೆ, ತಂದ ದಿನವೇ ನುಡಿಸಿದೆ. ಕೇಳುವವರಿಗೆಲ್ಲ ನಾನು ಹೇಳುವುದೂ ಅದನ್ನೇ. ರೀಸೆಟ್ ಆದ ಹಾರ್ಮನಿ, ಅದಿಲ್ಲವಾದರೆ ನೆಕ್ ನೆಟ್ಟಗಿರುವ ಯಮಹಾ. ಎರಡೂ ಸಿಗದಿದ್ದರೆ ಕಾಯಬಹುದು. ಇಲ್ಲವಾದರೆ ಹೊಸ ಎಫ್‌ಜಿ800 ತಗೊಳ್ಳಿ, ಅದರ ಮೇಲ್ಹಲಗೆ ಗಟ್ಟಿ ಸ್ಪ್ರೂಸ್.

ಊರಿಗೆ ಒಯ್ಯುವ ಯೋಚನೆ ಇರುವವರಿಗೆ ಇನ್ನೊಂದು ಮಾತು. ಆ ಕಾಲದ ಹಲವು ಅಮೆರಿಕನ್ ಗಿಟಾರುಗಳ ಫ್ರೆಟ್‌ಬೋರ್ಡ್, ಬ್ರಿಡ್ಜ್ ಬ್ರೆಜಿಲಿನ ಬೀಟೆ ಮರದ್ದು. 1992ರಿಂದ ಆ ಮರ, ಅಳಿವಿನಂಚಿನ ಪ್ರಾಣಿ, ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ದೇಶದ ಗಡಿ ದಾಟಿಸಲು ಕಾಗದಪತ್ರ ಬೇಕು. ನಿಮ್ಮ ಗಿಟಾರಿನ ಮರ ಯಾವುದೆಂದು ಟಿಕೆಟ್ ಮಾಡಿಸುವ ಮೊದಲೇ ತಿಳಿದವರಿಗೆ ತೋರಿಸಿಕೊಳ್ಳಿ.