ಎಸ್‌ಎಚ್‌ಆರ್‌ಎಂ-ಸಿಪಿ ತಯಾರಿ ಕೋರ್ಸ್: ಸ್ಲೈಡಿಗೆ ಎರಡು ಸ್ಟಾರ್, ಚರ್ಚೆಗೆ ಐದು

ಕೋರ್ಸ್ ಮುಗಿದ ಸಂಜೆಯೇ ತರಬೇತಿ ಸಂಸ್ಥೆಯಿಂದ ಚಿನ್ನದ ಬಣ್ಣದ ಅಂಚಿರುವ ಒಂದು ಪಿಡಿಎಫ್ ಬಂತು. ಬ್ಯಾಚಿನ ಹಲವರು ಅದನ್ನು ಲಿಂಕ್ಡ್‌ಇನ್‌ಗೆ ಏರಿಸಿ ಅಭಿನಂದನೆಯನ್ನೂ ಗಿಟ್ಟಿಸಿಕೊಂಡರು. ಅದು ತರಗತಿಗೆ ಹಾಜರಿದ್ದಿರಿ ಎಂಬುದಕ್ಕೆ ಸಿಕ್ಕ ಕಾಗದ, ಅಷ್ಟೇ. ಹೆಸರಿನ ಪಕ್ಕ ಎಸ್‌ಎಚ್‌ಆರ್‌ಎಂ-ಸಿಪಿ (ಅಮೆರಿಕದ ಮಾನವ ಸಂಪನ್ಮೂಲ ವೃತ್ತಿಪರರ ಸಂಘ ಎಸ್‌ಎಚ್‌ಆರ್‌ಎಂ ಕೊಡುವ ಎಚ್‌ಆರ್ ಸರ್ಟಿಫಿಕೇಷನ್) ಎಂದು ಹಾಕಿಕೊಳ್ಳಬೇಕಿದ್ದರೆ ಪರೀಕ್ಷೆಯನ್ನು ಬೇರೆಯಾಗಿ ಬರೆಯಬೇಕು. ಅದರ ಅರ್ಜಿ ಬೇರೆ, ಶುಲ್ಕ ಬೇರೆ, ನಡೆಸುವವರೂ ಬೇರೆ. ಫೋನ್ ಮೇಲೆ ಫೋನ್ ಮಾಡಿ ಸೇರಿಸಿಕೊಳ್ಳುವ ಸೇಲ್ಸ್‌ನವರು ಕೇಳಿದರೆ ಇದನ್ನು ಹೇಳುತ್ತಾರೆ, ಕೇಳದಿದ್ದರೆ ಇಲ್ಲ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಸೇರುವ ಮುಂಚೆ ನಾನು ಡೆಮೊ ನೋಡಿದ ಕೋರ್ಸುಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನವು.

ನಾನು ವರ್ಷಗಟ್ಟಲೆ ನೇಮಕಾತಿಯಲ್ಲೇ ಇದ್ದವಳು. ರೆಸ್ಯೂಮೆ ಸೋಸುವುದು, ಇಂಟರ್‌ವ್ಯೂ ಹೊಂದಿಸುವುದು, ಆಫರ್ ಕೊಟ್ಟ ಮೇಲೆ ಅಭ್ಯರ್ಥಿ ಫೋನ್ ಎತ್ತದಿದ್ದರೆ ಮ್ಯಾನೇಜರ್ ಕೈಲಿ ಬೈಸಿಕೊಳ್ಳುವುದು. ವೇತನ ರಚನೆ, ಶಿಸ್ತು ಕ್ರಮ, ದೂರುಗಳ ವಿಚಾರಣೆ ಎಲ್ಲ ಪಕ್ಕದ ಟೇಬಲ್‌ನವರ ಪಾಲು. ಎಚ್‌ಆರ್‌ನ ಎಲ್ಲ ಕೆಲಸವನ್ನೂ ನೋಡುವ ಜನರಲಿಸ್ಟ್ ಹುದ್ದೆಗೆ ದಾಟುವ ಆಸೆಯಿಂದ ಸರ್ಟಿಫಿಕೇಷನ್ ಹುಡುಕಲು ಹೊರಟೆ. ಬ್ರಿಟನ್ನಿನ ಎಚ್‌ಆರ್ ವೃತ್ತಿ ಸಂಸ್ಥೆ ಸಿಐಪಿಡಿ 1913ರಲ್ಲಿ ಕಾರ್ಖಾನೆಗಳ ಕಾರ್ಮಿಕ ಕಲ್ಯಾಣ ನೋಡಿಕೊಳ್ಳುವವರ ಸಂಘವಾಗಿ ಹುಟ್ಟಿದ್ದು; ಅಲ್ಲಿ ಒಂದು ದಿನದ ಪರೀಕ್ಷೆಗಿಂತ ಅಸೈನ್‌ಮೆಂಟ್ ಬರೆಯುವುದೇ ಹೆಚ್ಚು, ಅಷ್ಟು ವ್ಯವಧಾನ ನನಗಿರಲಿಲ್ಲ. ಅಮೆರಿಕದ ಇನ್ನೊಂದು ಸರ್ಟಿಫಿಕೇಷನ್ ಸಂಸ್ಥೆ ಎಚ್‌ಆರ್‌ಸಿಐ ನಡೆಸುವ ಪಿಎಚ್‌ಆರ್ ಪರೀಕ್ಷೆಯಲ್ಲಿ ಅಮೆರಿಕದ ಕಾನೂನು ಬರುತ್ತದೆ, ಹೊರಗಿನವರಿಗೆಂದು ಪಿಎಚ್‌ಆರ್‌ಐ ಇದೆ. ಎಸ್‌ಎಚ್‌ಆರ್‌ಎಂ 2015ರಿಂದ ಸಿಪಿ, ಹಿರಿಯರಿಗೆ ಎಸ್‌ಸಿಪಿ ಎಂಬ ತನ್ನದೇ ಪರೀಕ್ಷೆಗಳನ್ನು ನಡೆಸುತ್ತಿದೆ. ಯಾವುದು ಮೇಲು ಎಂಬ ಜಗಳ ಎಚ್‌ಆರ್ ಗುಂಪುಗಳಲ್ಲಿ ಇನ್ನೂ ನಡೆದೇ ಇದೆ. ನಾನು ಎಸ್‌ಎಚ್‌ಆರ್‌ಎಂ ಕಡೆ ವಾಲಿದ್ದು ಅದರ ಸನ್ನಿವೇಶದ ಪ್ರಶ್ನೆಗಳನ್ನು ನೋಡಿ.

ಪರೀಕ್ಷೆ 134 ಪ್ರಶ್ನೆಗಳದ್ದು, ಸಮಯ 3 ಗಂಟೆ 40 ನಿಮಿಷ. ಇದರಲ್ಲಿ 24 ಪ್ರಶ್ನೆಗಳಿಗೆ ಅಂಕವೇ ಇಲ್ಲ, ಮುಂದೆ ಬಳಸಲು ಪರೀಕ್ಷಿಸಿ ನೋಡುವುದಕ್ಕೆ ಇಟ್ಟವು. ಅವು ಯಾವುವೆಂದು ಬರೆಯುವವರಿಗೆ ಗೊತ್ತಾಗದು. ಅಂಕದ ಮಾನ 120ರಿಂದ 200, ಪಾಸಾಗಲು ಬೇಕಾದ್ದೂ 200. ಪಾಸಾದವರೆಲ್ಲ ಒಂದೇ ಸಾಲಿನಲ್ಲಿ, ರ‍್ಯಾಂಕ್ ಹುಚ್ಚಿನವರಿಗೆ ನಿರಾಸೆ ಖಂಡಿತ. ಒಟ್ಟು ಪ್ರಶ್ನೆಗಳಲ್ಲಿ ಸುಮಾರು ಶೇ. 40ರಷ್ಟು "ಈ ಪರಿಸ್ಥಿತಿಯಲ್ಲಿ ನೀವು ಏನು ಮಾಡುತ್ತೀರಿ" ಎಂಬ ಬಗೆಯವು.

ಹಾಗಿರುವಾಗ ಕೋರ್ಸ್ ಅದಕ್ಕೆ ತಕ್ಕಂತೆ ಇರಬೇಕಲ್ಲವೇ? ಮೊದಲ ಅರ್ಧಕ್ಕೆ ಬಂದ ಟ್ರೈನರ್ ಸ್ಲೈಡ್ ತೆರೆದು ಓದಿದರು. ಕೆಲಸದ ಪ್ರೇರಣೆ, ತರಬೇತಿಯ ಪಠ್ಯ ಸಿದ್ಧಾಂತಗಳು: ಮ್ಯಾಸ್ಲೋ ಪಿರಮಿಡ್ಡು, ಹರ್ಜ್‌ಬರ್ಗ್, ಎಕ್ಸ್ ಥಿಯರಿ, ವೈ ಥಿಯರಿ, ಕಿರ್ಕ್‌ಪ್ಯಾಟ್ರಿಕ್‌ನ ನಾಲ್ಕು ಹಂತ. ಪುಸ್ತಕದಲ್ಲಿರುವುದೇ, ಪುಸ್ತಕಕ್ಕಿಂತ ನಿಧಾನ. ಅಮೆರಿಕದ ಉದ್ಯೋಗ ಕಾನೂನಿಗೆ ಎರಡು ಪೂರ್ತಿ ತರಗತಿ ಹೋಯಿತು. ಅಮೆರಿಕದ ಹೊರಗೆ ಪರೀಕ್ಷೆ ಬರೆಯುವವರಿಗೆ ಆ ಭಾಗ ಅನ್ವಯಿಸುವುದೇ ಇಲ್ಲ, ನಮ್ಮ ಬ್ಯಾಚಿನಲ್ಲಿದ್ದವರೆಲ್ಲ ಹೊರಗಿನವರೇ. ಚಾಟ್‌ನಲ್ಲಿ ಯಾರೋ ಇದನ್ನು ಬರೆದರು. "ತಿಳಿದಿದ್ದರೆ ಒಳ್ಳೆಯದಲ್ಲವಾ" ಎಂಬ ಉತ್ತರ ಬಂತು. ಒಳ್ಳೆಯದೇ, ಆದರೆ ದುಡ್ಡು ಕೊಟ್ಟು ಭಾನುವಾರ ಬೆಳಿಗ್ಗೆ ಎದ್ದು ಕೂತವರಿಗೆ ಅದನ್ನು ಹೇಳಬಾರದು.

ನನಗೆ ಹೆಚ್ಚು ಕಿರಿಕಿರಿಯಾದದ್ದು ಆಯ್ಕೆ ವಿಧಾನಗಳ ಸ್ಲೈಡ್, ಏಕೆಂದರೆ ಅದು ನನ್ನ ಹೊಲ. ಅಭ್ಯರ್ಥಿಯ ಮುಂದಿನ ಕೆಲಸವನ್ನು ಯಾವ ವಿಧಾನ ಎಷ್ಟು ಚೆನ್ನಾಗಿ ಊಹಿಸುತ್ತದೆ ಎಂಬುದಕ್ಕೆ ಸಂಶೋಧಕರಾದ ಷ್ಮಿಟ್ ಮತ್ತು ಹಂಟರ್ 1998ರಲ್ಲಿ ಕೊಟ್ಟ ಅಂಕಿಗಳನ್ನೇ ಹಾಕಿದ್ದರು (1 ಎಂದರೆ ಊಹೆ ಪೂರ್ತಿ ಸರಿ, 0 ಎಂದರೆ ಸಂಬಂಧವೇ ಇಲ್ಲ): ಬುದ್ಧಿಶಕ್ತಿ ಪರೀಕ್ಷೆಗೆ 0.51, ಪ್ರಶ್ನೆಗಳನ್ನು ಮೊದಲೇ ಗೊತ್ತುಮಾಡಿ ಎಲ್ಲರಿಗೂ ಒಂದೇ ರೀತಿ ಕೇಳುವ ಇಂಟರ್‌ವ್ಯೂಗೂ 0.51. ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಲೆಕ್ಕದ ತಿದ್ದುಪಡಿಗಳನ್ನು ಪ್ರಶ್ನಿಸಿ ಮತ್ತೆ ಲೆಕ್ಕ ಹಾಕಿದಾಗ ಮೊದಲನೆಯದು 0.31ಕ್ಕೆ ಇಳಿಯಿತು, ಎರಡನೆಯದು 0.42ರಲ್ಲಿ ನಿಂತು ಪಟ್ಟಿಯ ಮೇಲ್ತುದಿಗೆ ಬಂತು. ನೇಮಕಾತಿ ಕಲಿಸುವವರು ಕಣ್ಣು ತಪ್ಪಿಸಬಾರದ ಬದಲಾವಣೆ ಇದು. ಪರೀಕ್ಷೆಗೆ ಇದು ಬರುತ್ತದೋ ಇಲ್ಲವೋ ಬೇರೆ ಮಾತು.

ಇಷ್ಟಕ್ಕೇ ನಿಂತಿದ್ದರೆ ಒಂದು ಸ್ಟಾರ್ ಕೊಟ್ಟು ಎದ್ದುಬರುತ್ತಿದ್ದೆ. ಎರಡನೇ ಅರ್ಧಕ್ಕೆ ಬಂದವರು ಬೇರೆ ಟ್ರೈನರ್. ಉತ್ಪಾದನಾ ಘಟಕಗಳಲ್ಲಿ ಎಚ್‌ಆರ್ ಮಾಡಿ ತಲೆ ನರೆತವರು, ಸ್ಲೈಡ್ ತೆರೆಯಲೇ ಇಲ್ಲ.

ಅವರು ಕೊಟ್ಟ ಒಂದು ಸನ್ನಿವೇಶ ಹೀಗಿತ್ತು. ತನ್ನ ತಂಡದ ಒಬ್ಬನನ್ನು ಈ ವಾರವೇ ಕೆಲಸದಿಂದ ತೆಗೆಯಬೇಕು ಎಂದು ಮ್ಯಾನೇಜರ್ ಎಚ್‌ಆರ್ ಬಳಿ ಬರುತ್ತಾರೆ. ಆರು ತಿಂಗಳ ಹಿಂದಿನ ಅಪ್ರೈಸಲ್‌ನಲ್ಲಿ ಅದೇ ಮ್ಯಾನೇಜರ್ ಅವನ ಬಗ್ಗೆ "ನಿರೀಕ್ಷೆಗೂ ಮೀರಿದ ಕೆಲಸ" ಎಂದು ಬರೆದಿದ್ದಾರೆ. ಎಚ್‌ಆರ್ ಮೊದಲು ಏನು ಮಾಡಬೇಕು? ಕಾನೂನು ವಿಭಾಗಕ್ಕೆ ತಿಳಿಸುವುದು, ಉದ್ಯೋಗಿಯನ್ನು ಕರೆಸಿ ಮಾತಾಡುವುದು, ಪಿಐಪಿ (ಗೊತ್ತಾದ ಅವಧಿಯಲ್ಲಿ ಕೆಲಸ ಸುಧಾರಿಸಿಕೊಳ್ಳಲು ಬರೆದು ಕೊಡುವ ಯೋಜನೆ) ಶುರು ಮಾಡುವುದು, ಇಲ್ಲವೇ ಮ್ಯಾನೇಜರನ್ನು ಕೂರಿಸಿಕೊಂಡು ನಿರ್ದಿಷ್ಟವಾಗಿ ಏನೇನಾಯಿತು, ದಾಖಲೆ ಏನಿದೆ ಎಂದು ವಿಚಾರಿಸುವುದು. ನಾಲ್ಕೂ ನಾವು ಮಾಡುವ ಕೆಲಸಗಳೇ. ಬ್ಯಾಚಿನ ಬಹುಪಾಲು ಜನ ಪಿಐಪಿ ಒತ್ತಿದರು. ಟ್ರೈನರ್ ಉತ್ತರ ಹೇಳದೆ ತಿರುಗಿ ಕೇಳಿದರು: "ಆ ಅಪ್ರೈಸಲ್ ಸುಳ್ಳೋ, ಈಗಿನ ದೂರು ಸುಳ್ಳೋ? ಎರಡೂ ನಿಜವಾದರೆ ನಡುವೆ ಏನು ಬದಲಾಯಿತು? ಇದು ಗೊತ್ತಿಲ್ಲದೆ ಪಿಐಪಿಯಲ್ಲಿ ಏನನ್ನು ಸುಧಾರಿಸು ಅಂತ ಬರೆಯುತ್ತೀರಿ?" ಅಲ್ಲಿಂದ ಚರ್ಚೆ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ನಾಲ್ಕನೆಯದಕ್ಕೇ ಬಂದು ನಿಂತೆವು. ಉಳಿದ ಮೂರೂ ಅದರ ನಂತರದ ಹೆಜ್ಜೆಗಳು. ನಿಜವಾದ ಪರೀಕ್ಷೆಯಲ್ಲಿ ಉತ್ತಮ ಉತ್ತರ ಯಾವುದೆಂದು ಅನುಭವಿ ಎಚ್‌ಆರ್ ವೃತ್ತಿಪರರ ತಂಡ ತೀರ್ಮಾನಿಸಿರುತ್ತದೆ. "ನಮ್ಮ ಕಂಪನಿಯಲ್ಲಿ ಹೀಗೆ ಮಾಡಲ್ಲ ಸರ್" ಎನ್ನುವವರಿಗೆ ಅಲ್ಲಿ ಏಟು ಬೀಳುವುದು ಇದೇ ಕಾರಣಕ್ಕೆ.

ಅಟ್ರಿಷನ್, ಅಂದರೆ ಕೆಲಸ ಬಿಟ್ಟುಹೋಗುವವರ ಪ್ರಮಾಣದ ಲೆಕ್ಕವನ್ನೂ ಅವರು ಹೀಗೇ ಬಿಡಿಸಿದರು. ವರ್ಷದ ಆರಂಭದಲ್ಲಿ 180 ಜನ, ಕೊನೆಗೆ 220, ಬಿಟ್ಟುಹೋದವರು 12. ಸರಾಸರಿ 200, ಅಂದರೆ ಶೇ. 6. ಸೂತ್ರ ಎಲ್ಲರಿಗೂ ಬರುತ್ತದೆ. "ಈ ಹನ್ನೆರಡರಲ್ಲಿ ಏಳು ಜನ ಸೇರಿದ ಮೂರು ತಿಂಗಳೊಳಗೆ ಹೋಗಿದ್ದಾರೆ ಅಂದುಕೊಳ್ಳಿ, ಆಗ ಈ ಆರಕ್ಕೆ ಖುಷಿಪಡುತ್ತೀರಾ?" ಎಂದರು. ಒಟ್ಟು ಸಂಖ್ಯೆ ಸೌಮ್ಯವಾಗಿದೆ, ಆದರೆ ರೋಗ ಇರುವುದು ನೇಮಕಾತಿಯಲ್ಲೋ, ಹೊಸಬರನ್ನು ಕೆಲಸಕ್ಕೆ ಒಗ್ಗಿಸುವ ಆನ್‌ಬೋರ್ಡಿಂಗ್‌ನಲ್ಲೋ. ಆಫರ್ ಒಪ್ಪಿಸಿದರೆ ಕೆಲಸ ಮುಗಿಯಿತು ಎನ್ನುವ ವಿಭಾಗದಿಂದ ಬಂದ ನನಗೆ ಇದು ನೇರ ನನಗೇ ಹೇಳಿದಂತೆ ಕೇಳಿಸಿತು.

ಅಣಕು ಪರೀಕ್ಷೆಗಳು ಮಾತ್ರ ಹಳಸಲು. 160 ಪ್ರಶ್ನೆ, 4 ಗಂಟೆಯ ಹಿಂದಿನ ಮಾದರಿಯನ್ನೇ ಇಟ್ಟಿದ್ದರು. ವಿವರಣೆಯ ಜಾಗದಲ್ಲಿ "ಸರಿಯಾದ ಉತ್ತರ: ಬಿ" ಎಂದಿಷ್ಟೇ. ಉಳಿದ ಮೂರು ಏಕೆ ಅಲ್ಲ ಎಂದು ತಿಳಿಯದಿದ್ದರೆ ಸನ್ನಿವೇಶದ ಪ್ರಶ್ನೆ ಅಭ್ಯಾಸ ಮಾಡಿ ಪ್ರಯೋಜನವಿಲ್ಲ. ದೂರು ಕೊಟ್ಟೆ, ಟಿಕೆಟ್ ಸಂಖ್ಯೆ ಬಂತು, ಮುಂದೇನೂ ಬರಲಿಲ್ಲ. ರೆಕಾರ್ಡಿಂಗ್‌ಗಳು ಸ್ಪಷ್ಟವಾಗಿದ್ದವು, ಆ್ಯಪ್ ಪರವಾಗಿಲ್ಲ.

ಪರೀಕ್ಷೆ ಪಾಸಾಯಿತು. ಅದರಿಂದ ಕೆಲಸ ಸಿಗುತ್ತದೆಯೇ ಎಂದು ಕೇಳುವವರಿಗೆ ನೇಮಕಾತಿಯವಳಾಗಿ ಹೇಳುತ್ತೇನೆ: ರೆಸ್ಯೂಮೆಯನ್ನು ಆರಿಸಿ ಎತ್ತಿಡುವಾಗ ಆ ಆರು ಅಕ್ಷರಗಳು ಕಣ್ಣಿಗೆ ಬೀಳುತ್ತವೆ, ಇಂಟರ್‌ವ್ಯೂ ಕೋಣೆಯಲ್ಲಿ ಅವುಗಳಿಂದ ಉಪಯೋಗ ಕಮ್ಮಿ. ಹೊಸಬರು ಇದಕ್ಕೆ ಧಾವಿಸುವುದು ಬೇಡ. ಅನುಭವವಿಲ್ಲದೆ ಬರೆಯಬಹುದಾದ, ಎಚ್‌ಆರ್‌ಸಿಐನ ಎಪಿಎಚ್‌ಆರ್ ಇದೆ, ಸನ್ನಿವೇಶದ ಪ್ರಶ್ನೆಗಳಿಗೆ ಮೊದಲು ಒಂದಿಷ್ಟು ಸನ್ನಿವೇಶಗಳನ್ನು ಕಂಡಿರಬೇಕು. ನನ್ನಂತೆ ಒಂದೇ ಮೂಲೆಯಲ್ಲಿ ಬೆಳೆದವರಿಗೆ ಕೋರ್ಸ್ ಉಪಯುಕ್ತ. ಆದರೆ ದುಡ್ಡು ಕಟ್ಟುವ ಮುಂಚೆ ಚರ್ಚೆಯ ತರಗತಿಗಳನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಹೆಸರು ಹಿಡಿದು ಕೇಳಿ, ಅವರ ಒಂದು ತರಗತಿಯಲ್ಲಿ ಕೂತು ನೋಡಿ. ಡೆಮೊಗೆ ಬರುವವರು ಬೇರೆ, ಪಾಠಕ್ಕೆ ಬರುವವರು ಬೇರೆ ಆಗುವುದುಂಟು.

ಸರ್ಟಿಫಿಕೇಷನ್ ಮೂರು ವರ್ಷಕ್ಕೆ. ಅಷ್ಟರಲ್ಲಿ 60 ವೃತ್ತಿ ಕಲಿಕೆಯ ಕ್ರೆಡಿಟ್ ಕೂಡಿಸಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು. ಇದಕ್ಕೆಂದೇ ಒಂದು ವೆಬಿನಾರ್ ಪ್ಯಾಕೇಜ್ ಇದೆ ಎಂದು ಅದೇ ಸೇಲ್ಸ್‌ನವರ ಫೋನ್ ಆಗಲೇ ಶುರುವಾಗಿದೆ. ಕಚೇರಿಯಲ್ಲಿ ಎಚ್‌ಆರ್ ಯೋಜನೆಯೊಂದನ್ನು ಮುನ್ನಡೆಸಿದರೂ ಕ್ರೆಡಿಟ್ ಸಿಗುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ನಮ್ಮಲ್ಲಿ ಹೊಸದಾಗಿ ಸೇರಿದವರ ಮೊದಲ 90 ದಿನಗಳ ಆನ್‌ಬೋರ್ಡಿಂಗ್ ಬದಲಿಸುವ ಕೆಲಸ ಈಗ ನನ್ನ ಮೇಲಿದೆ. ಪ್ಯಾಕೇಜ್ ಸದ್ಯಕ್ಕೆ ಬೇಡ ಎಂದಿದ್ದೇನೆ.