ಹಿಮದ ಕಾಡು ಕಪ್ಪು-ಬಿಳುಪಿನಲ್ಲಿ: ಫಿಲ್ಮ್ ಒಳ್ಳೆಯದಾ, ಡಿಜಿಟಲ್ ಒಳ್ಳೆಯದಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಸಿಲಿದ್ದರೆ ಹಳದಿ ಫಿಲ್ಟರ್ ಹಾಕಿದ ಫಿಲ್ಮ್, ಮೋಡ ಕವಿದಿದ್ದರೆ ಡಿಜಿಟಲ್. ಹಿಮಾಚಲದ ನಾರ್ಕಂಡದಿಂದ ಹಾಟು ಶಿಖರಕ್ಕೆ ಹೋಗುವ ದಾರಿಯಲ್ಲಿ, ದೇವದಾರು, ಸ್ಪ್ರೂಸ್ ಮರಗಳ ನಡುವೆ, ಒಂದೇ ಜಾಗದಲ್ಲಿ ನಿಂತು ಎರಡರಲ್ಲೂ ತೆಗೆದು ನೋಡಿದ್ದೇನೆ. ಫಿಲ್ಮ್ ಅಂದರೆ ಕಪ್ಪು-ಬಿಳುಪಿನ ಇಲ್ಫರ್ಡ್ ಎಚ್‌ಪಿ5 ಪ್ಲಸ್, ಡಿಜಿಟಲ್‌ನಲ್ಲಿ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸುವ ಫೈಲ್).

ಯಾವುದೇ ಕ್ಯಾಮೆರಾ ಇರಲಿ, ಬೆಳಕು ಅಳೆಯುವ ಮೀಟರ್ ಹೇಳಿದ್ದನ್ನು ಹಾಗೇ ನಂಬಿದರೆ ಹಿಮ ಬೂದು ಬಣ್ಣಕ್ಕೆ ಬರುತ್ತದೆ. ಒಂದರಿಂದ ಎರಡು ಸ್ಟಾಪ್ ಬೆಳಕು ಜಾಸ್ತಿ ಕೊಡಬೇಕು (ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡರಷ್ಟು, ಕಡಿಮೆ ಅಂದರೆ ಅರ್ಧ). ಇಲ್ಲಿ ಫಿಲ್ಮ್ ನಿರಾಳ, ಸ್ವಲ್ಪ ಜಾಸ್ತಿಯಾದರೂ ನೆಗೆಟಿವ್‌ನಲ್ಲಿ ಹಿಮದ ವಿವರ ಉಳಿದಿರುತ್ತದೆ. ಡಿಜಿಟಲ್‌ನಲ್ಲಿ ಬಿಳಿ ಒಮ್ಮೆ ಸುಟ್ಟು ವಿವರ ಹೋದರೆ ಮುಗಿಯಿತು, ಹಿಸ್ಟೊಗ್ರಾಮ್ (ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಎಷ್ಟೆಷ್ಟಿದೆ ಎಂದು ತೋರಿಸುವ ಗ್ರಾಫ್) ನೋಡುತ್ತಲೇ ಇರಬೇಕು.

ಬಿಸಿಲಿನ ದಿನ ನಿಜವಾದ ವ್ಯತ್ಯಾಸ ಕಾಣುವುದು ನೆರಳಿನಲ್ಲಿ. ಹಿಮದ ಮೇಲೆ ಬಿದ್ದ ಮರದ ನೆರಳಿಗೆ ಬರುವ ಬೆಳಕು ಹೆಚ್ಚಾಗಿ ನೀಲಿ ಆಕಾಶದ್ದು, ಹಾಗಾಗಿ ನೆರಳೂ ನೀಲಿ. ಹಳದಿ ಫಿಲ್ಟರ್ ಆ ನೀಲಿಯನ್ನು ತಡೆಯುತ್ತದೆ, ನೆರಳು ಗಾಢವಾಗುತ್ತದೆ, ಹಿಮದ ಉಬ್ಬು-ತಗ್ಗು, ಪ್ರಾಣಿಗಳ ಹೆಜ್ಜೆ ಗುರುತು ಎಲ್ಲಾ ಎದ್ದು ಬರುತ್ತವೆ. ಅದಕ್ಕೆ ಕಳೆದುಕೊಳ್ಳುವುದು ಸುಮಾರು ಒಂದು ಸ್ಟಾಪ್ ಬೆಳಕು ಅಷ್ಟೇ. ಕೆಂಪು ಫಿಲ್ಟರ್ ನನಗೆ ಇಷ್ಟವಾಗಲಿಲ್ಲ. ಆಕಾಶ ಕಪ್ಪಾಗಿ ಭರ್ಜರಿಯಾಗಿ ಕಾಣುತ್ತದೆ ನಿಜ, ಆದರೆ ದೇವದಾರಿನ ಹಸಿರೂ ಮಸಿಯಂತಾಗಿ ಎಲೆಯ ವಿವರವೇ ಹೋಗುತ್ತದೆ, ಜೊತೆಗೆ ಮೂರು ಸ್ಟಾಪ್‌ನಷ್ಟು ಬೆಳಕೂ ಹೋಗುವುದರಿಂದ ಕಾಡಿನೊಳಗೆ ಟ್ರೈಪಾಡ್ ಇಲ್ಲದೆ ಕಷ್ಟ. ಡಿಜಿಟಲ್‌ನಲ್ಲಿ ಎಡಿಟ್ ಮಾಡುವಾಗ ನೀಲಿ ಬಣ್ಣದ ಹೊಳಪಿನ ಸ್ಲೈಡರ್ ಇಳಿಸಿದರೂ ಇದೇ ಪರಿಣಾಮ ಸಿಗುತ್ತದೆ ಅಲ್ವಾ ಅನ್ನಬಹುದು. ಸ್ವಲ್ಪ ಇಳಿಸಿದರೆ ಸಿಗುತ್ತದೆ. ಜಾಸ್ತಿ ಎಳೆದರೆ ಆಕಾಶದಲ್ಲಿ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು), ಸಣ್ಣ ಕೊಂಬೆಗಳ ಸುತ್ತ ಬಿಳಿ ಅಂಚು. ಕೊಂಬೆಗಳೇ ತುಂಬಿರುವ ಚಿತ್ರದಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ.

ಮೋಡದ ದಿನ ಎಲ್ಲ ತಿರುಗುಮುರುಗು. ನೀಲಿ ನೆರಳೇ ಇಲ್ಲ, ಹಳದಿ ಫಿಲ್ಟರ್ ಸುಮ್ನೆ ಬೆಳಕು ತಿನ್ನುತ್ತದೆ. ಹಿಮ ಬೀಳುವಾಗ ಅದು ಚುಕ್ಕೆಯಾಗಿ ಕಾಣಬೇಕಾ, ಗೆರೆಯಾಗಿ ಕಾಣಬೇಕಾ ಅನ್ನುವುದನ್ನು ಶಟರ್ ನಿರ್ಧರಿಸುತ್ತದೆ. 1/250 ಸೆಕೆಂಡಿಗೂ 1/30 ಸೆಕೆಂಡಿಗೂ ಚಿತ್ರವೇ ಬೇರೆ. ಡಿಜಿಟಲ್‌ನಲ್ಲಿ ಆಗಲೇ ನೋಡಿ ಬದಲಿಸಬಹುದು, ಬೇಕಾದರೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಬಹುದು. ಎಚ್‌ಪಿ5 ಅನ್ನು ಐಎಸ್‌ಒ 400ರ ಬದಲು 800 ಎಂದು ತೆಗೆದು ಹೆಚ್ಚು ಹೊತ್ತು ಡೆವಲಪ್ ಮಾಡಿಸಿದರೆ ಕಾಂಟ್ರಾಸ್ಟ್ ಏರಿ ಮಂಕು ಬೆಳಕಿಗೆ ಚೆನ್ನಾಗಿಯೇ ಹೊಂದುತ್ತದೆ, ಆದರೆ ಇಡೀ ರೋಲ್ ಅದಕ್ಕೇ ಮೀಸಲು.

ಚಳಿಯಲ್ಲಿ ಡಿಜಿಟಲ್ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ. ಫಿಲ್ಮ್ ಗಡುಸಾಗಿರುತ್ತದೆ, ನಿಧಾನಕ್ಕೆ ಸುತ್ತಿ. ಬೆಚ್ಚಗಿನ ರೂಮಿಗೆ ಬರುವ ಮೊದಲು ಎರಡೂ ಕ್ಯಾಮೆರಾಗಳನ್ನು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಲೆನ್ಸ್ ಮೇಲೆ ನೀರು ಕಟ್ಟುತ್ತದೆ.