ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ತೆರೆದಿದೆಯಾ? ಇವತ್ತೇ ಮುಚ್ಚಿಸಿ

ಆಫೀಸಿನಿಂದ ಮನೆಯ ಕಂಪ್ಯೂಟರ್ ನೋಡೋಕೆ ಅಂತ ಯಾರಾದರೂ ನಿಮ್ಮ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಟ್ಟಿದ್ದರೆ, ಅಂದರೆ ಹೊರಗಿನಿಂದ ಒಂದು ಪೋರ್ಟ್‌ಗೆ (ನಂಬರ್ ಇರುವ ಬಾಗಿಲು ಅನ್ನಿ) ಬಂದ ಸಂಪರ್ಕವನ್ನು ಮನೆಯ ಕಂಪ್ಯೂಟರ್‌ಗೆ ದಾಟಿಸುವ ಹಾಗೆ ಮಾಡಿದ್ದರೆ, ದಯವಿಟ್ಟು ಇದನ್ನು ಓದಿ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡುತ್ತೇನೆ. ಶಹಾಪುರದಲ್ಲಿ ನಮ್ಮದು ಸೀರೆ ವ್ಯಾಪಾರ, ಅದರ ಟ್ಯಾಲಿ ಲೆಕ್ಕವೆಲ್ಲ ಮನೆಯ ಕಂಪ್ಯೂಟರ್‌ನಲ್ಲಿ. ಅಪ್ಪನಿಗೆ ಬಿಲ್ಲಿನಲ್ಲಿ ಗೊಂದಲವಾದರೆ ಊಟದ ಬಿಡುವಿನಲ್ಲಿ ನಾನೇ ನೋಡಿ ಸರಿಮಾಡಬೇಕಿತ್ತು, ಮ್ಯಾನೇಜರ್ ಒಪ್ಪಿಗೆಯೂ ಇತ್ತು. ಆದರೆ ಆಫೀಸಿನ ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲುಗಾರ) ವೆಬ್‌ಸೈಟ್‌ಗಳು ಬಳಸುವ 80 ಮತ್ತು 443 ಪೋರ್ಟ್ ಬಿಟ್ಟು ಬೇರೇನನ್ನೂ ಬಿಡುವುದಿಲ್ಲ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ಗೆ ಬೇಕಾಗಿದ್ದು 3389.

ಮನೆಗೆ ನೆಟ್ ಹಾಕಿಕೊಟ್ಟವನು "ಅದೇನ ದೊಡ್ಡ ಮಾತ್ರೀ, 443ಕ್ಕ ತಿರುಗಿಸಿ ಕೊಡ್ತೀನಿ, ಯಾರಿಗೂ ಗೊತ್ತಾಗಂಗಿಲ್ಲ" ಅಂದ. ಮಾಡಿಯೂ ಕೊಟ್ಟ. ಜೊತೆಗೆ ತನ್ನ ಅನುಕೂಲಕ್ಕೆ 'ಅಡ್ಮಿನ್' ಅಂತ ಒಂದು ಖಾತೆ ತೆರೆದು, ಸುಲಭದ ಪಾಸ್‌ವರ್ಡ್ ಇಟ್ಟು, ಅದನ್ನು ಅಳಿಸದೆ, ನಮಗೆ ಹೇಳದೆ ಹೋದ.

ದೀಪಾವಳಿ ವ್ಯಾಪಾರದ ಹೊತ್ತಿನಲ್ಲೇ ಟ್ಯಾಲಿ ತೆರೆಯುವುದು ನಿಂತಿತು. ಎಲ್ಲ ಫೈಲುಗಳ ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳ ಬಾಲ. ಪ್ರತಿ ಫೋಲ್ಡರ್‌ನಲ್ಲೂ ಒಂದು ಚೀಟಿ: ಡೇಟಾ ಬೇಕಾದರೆ ಬಿಟ್‌ಕಾಯಿನ್ ಕೊಡಿ. ಜಿಎಸ್‌ಟಿ ಬಿಲ್ಲುಗಳು, ಅಕ್ಕನ ಮದುವೆ ಫೋಟೋ, ವಡಗಾವಿ ನೇಕಾರರಿಗೆ ಕೊಡಬೇಕಾದ ಬಾಕಿ, ಎಲ್ಲ ಹೋಯಿತು. ಬ್ಯಾಕಪ್ ಡಿಸ್ಕ್ ಯುಎಸ್‌ಬಿಯಲ್ಲೇ ಇತ್ತು, ಅದೂ ಹೋಯಿತು.

ಪರಿಚಯದವರೊಬ್ಬರು ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು ತೋರಿಸಿದರು. ಸೆಕ್ಯುರಿಟಿ ಲಾಗ್ ತುಂಬ 4625, ಅಂದರೆ ಸೋತ ಲಾಗಿನ್. ಅಡ್ಮಿನಿಸ್ಟ್ರೇಟರ್, ಯೂಸರ್, ಟೆಸ್ಟ್ ಹೀಗೆ ಹೆಸರು ಬದಲಿಸಿ ಬದಲಿಸಿ, ಹಗಲು ರಾತ್ರಿ ಬಿಡದೆ ಯಾರೋ ಪ್ರಯತ್ನಿಸಿದ್ದಾರೆ. ಕೊನೆಗೆ ಅದೇ 'ಅಡ್ಮಿನ್' ಹೆಸರಿಗೆ ಒಂದು 4624, ಅಂದರೆ ಗೆದ್ದ ಲಾಗಿನ್. ಒಳಗೆ ಬಂದಿದ್ದರು.

ಪೋರ್ಟ್ ನಂಬರ್ ಬದಲಿಸಿದರೆ ಸುರಕ್ಷಿತ ಅನ್ನುವುದು ಶುದ್ಧ ಸುಳ್ಳು. ಇಂಟರ್‌ನೆಟ್‌ನ ಪ್ರತಿ ವಿಳಾಸವನ್ನೂ ತಡಕುವ ಬಾಟ್‌ಗಳು (ತಾವಾಗೇ ಕೆಲಸ ಮಾಡುವ ಪ್ರೋಗ್ರಾಂಗಳು) ಸದಾ ಓಡುತ್ತಿರುತ್ತವೆ, 443 ಅಂತೂ ಅವು ಮೊದಲು ನೋಡುವ ಪೋರ್ಟ್‌ಗಳಲ್ಲೇ ಒಂದು. ಪಾಸ್‌ವರ್ಡ್ ಗಟ್ಟಿ ಇದ್ದರೂ ಸಾಲದು. 2019ರಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ ಬ್ಲೂಕೀಪ್ ಅನ್ನೋ ದೋಷ ಸಿಕ್ಕಿತಲ್ವಾ, ಅದರಿಂದ ವಿಂಡೋಸ್ 7ರಂಥ ಹಳೆಯ ಯಂತ್ರಗಳಿಗೆ ಪಾಸ್‌ವರ್ಡೇ ಇಲ್ಲದೆ ನುಗ್ಗಬಹುದಿತ್ತು. ಸಪೋರ್ಟ್ ಮುಗಿದಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಡಬೇಕಾಯಿತು.

ಹಾಗಾದರೆ ದೂರದಿಂದ ನೋಡುವುದು ಹೇಗೆ? ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ಟೇಲ್‌ಸ್ಕೇಲ್ ಥರದ ಸಾಫ್ಟ್‌ವೇರ್‌ಗಳಲ್ಲಿ ಮನೆಯ ಕಂಪ್ಯೂಟರೇ ಹೊರಗೆ ಸಂಪರ್ಕ ಮಾಡುತ್ತದೆ, ರೂಟರ್‌ನಲ್ಲಿ ಏನೂ ತೆರೆಯಬೇಕಿಲ್ಲ. ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಆಫೀಸಿನ ಐಟಿಯವರನ್ನು ಮಾತ್ರ ಕೇಳದೆ ಹಾಕಬೇಡಿ. ಅವರು ಬೇಡ ಅಂದರೆ ಬಿಟ್ಟುಬಿಡಿ, ಕೆಲಸಕ್ಕೇ ಕುತ್ತು ಬರಬಹುದು.

ನಾವು ದುಡ್ಡು ಕೊಡಲಿಲ್ಲ, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಟ್ಟೆವು. ಹೀಗೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕೆಲವು ರ್‍ಯಾನ್ಸಮ್‌ವೇರ್‌ಗಳಿಗೆ 'ನೋ ಮೋರ್ ರ್‍ಯಾನ್ಸಮ್' ತಾಣದಲ್ಲಿ ಬೀಗ ತೆಗೆಯುವ ಕೀಲಿ ಪುಕ್ಕಟೆ ಸಿಗುತ್ತದೆ, ನಮ್ಮದಕ್ಕೆ ಸಿಗಲಿಲ್ಲ. ಆಡಿಟರ್ ಹತ್ತಿರವಿದ್ದ ಹಳೆಯ ಪ್ರತಿಯಿಂದ ಒಂದಿಷ್ಟು ಲೆಕ್ಕ ವಾಪಸ್ ಬಂತು. ನೇಕಾರರ ಬಾಕಿಯನ್ನು ಅಪ್ಪ ಮನೆಮನೆಗೆ ಹೋಗಿ, ಅವರ ಚೀಟಿ ನೋಡಿ ಮತ್ತೆ ಬರೆದುಕೊಂಡರು.

ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿ ರೂಟರ್ ತೆರೆಯಿರಿ. ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುವಲ್ ಸರ್ವರ್ ಅಂತ ಇರುತ್ತದೆ. ಅಲ್ಲಿ 3389 ಕಂಡರೆ ಆ ಸಾಲನ್ನು ಅಳಿಸಿ, ಆಮೇಲೆ ವಿಂಡೋಸ್‌ನಲ್ಲಿ ಗೊತ್ತಿಲ್ಲದ ಖಾತೆ ಏನಾದರೂ ಇದೆಯಾ ನೋಡಿ.